ಪದಚರ್ಚೆ: ಮಿದುಳಿಗೂ ‘ಉರಿಯೂತ’ವೇ? ‘ಒಳಗಾವು’ ಎಂಬ ಮಾತು ನಿಮ್ಮ ಕಡೆ ಇದೆಯೇ?

ಬಳಗದವರಿಗೆ ನಮಸ್ಕಾರ.

ಮುಂಬೈಯ ಕನ್ನಡ ಸಂಘವೊಂದರ ಮಾಸಿಕಕ್ಕೆ ನಾನು ಆರೋಗ್ಯದ ಪುಟ ಬರೆಯುತ್ತೇನೆ. ದೊಡ್ಡ ಆಘಾತದ ನಂತರ ಮನಸ್ಸಿನಲ್ಲಿ ಉಳಿದುಬಿಡುವ ಆತಂಕಕ್ಕೆ ಆಂಟಿ-ಇನ್‌ಫ್ಲಮೇಟರಿ ಔಷಧಗಳು ನೆರವಾದಾವೇ ಎಂಬುದು ಈ ಸಲದ ವಿಷಯ. ಓದಿದ್ದು ಅರ್ಥವಾಗಿದೆ, ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಪೆನ್ನು ನಿಂತಿದೆ. ಇನ್‌ಫ್ಲಮೇಷನ್ ಅನ್ನುವುದಕ್ಕೆ ಏನೆನ್ನಲಿ?

‘ಉರಿಯೂತ ಇದೆಯಲ್ಲ’ ಎನ್ನುತ್ತೀರಿ. ಇದೆ, ಒಳ್ಳೆಯ ಪದವೇ. ಮೊದಲ ಶತಮಾನದ ರೋಮಿನ ಸೆಲ್ಸಸ್ ಇದಕ್ಕೆ ನಾಲ್ಕು ಲಕ್ಷಣ ಹೇಳಿದ್ದ: ಕೆಂಪು, ಊತ, ಬಿಸಿ, ನೋವು. ಉರಿ ಮತ್ತು ಊತವನ್ನು ಜೋಡಿಸಿದವರು ಯಾರೋ, ಮೂರು ಲಕ್ಷಣಗಳನ್ನು ನಾಲ್ಕು ಅಕ್ಷರದಲ್ಲಿ ತಂದಿಟ್ಟಿದ್ದಾರೆ. ಉಳುಕಿದ ಪಾದ, ಕೀವು ಕಟ್ಟಿದ ಬೆರಳು, ಸಂಧಿವಾತದ ಮಂಡಿ ಎಲ್ಲಕ್ಕೂ ಹೊಂದುತ್ತದೆ. ನನ್ನ ತಕರಾರು ಕುತ್ತಿಗೆಯಿಂದ ಮೇಲಿನದು. ‘ಮಿದುಳಿನ ಉರಿಯೂತ’ ಎಂದು ಬರೆದರೆ ಅದು ಮಿದುಳುಜ್ವರ, ಎನ್ಸೆಫಲೈಟಿಸ್. ರೋಗಿ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವ ಕಾಯಿಲೆ. ನಾನು ಹೇಳಬೇಕಾಗಿರುವುದು ಅದಲ್ಲ, ಆಘಾತದ ನಂತರ ಮೈಯಲ್ಲಿ ಸಣ್ಣಗೆ ಉಳಿದು ಆತಂಕವನ್ನೂ ಉಳಿಸುತ್ತದೆಂದು ವಿಜ್ಞಾನಿಗಳು ಊಹಿಸುವ ಇನ್‌ಫ್ಲಮೇಷನ್. ಇಲ್ಲಿ ಊತವಿಲ್ಲ, ಕೆಂಪಿಲ್ಲ, ಮುಟ್ಟಿದರೆ ಬಿಸಿಯಿಲ್ಲ. ರಕ್ತದಲ್ಲಿ ಇನ್‌ಫ್ಲಮೇಷನ್ನಿನ ಸುಳಿವು ಕೊಡುವ ಸಿಆರ್‌ಪಿ, ಇಂಟರ್‌ಲ್ಯೂಕಿನ್-6 ಎಂಬ ಪ್ರೊಟೀನುಗಳು ಸ್ವಲ್ಪ ಏರಿರುತ್ತವೆ, ಮಿದುಳಿನ ಕಾವಲು ಜೀವಕೋಶಗಳಾದ ಮೈಕ್ರೋಗ್ಲಿಯಾ ಕಾವಲು ಮುಗಿದರೂ ನಿದ್ದೆ ಹೋಗುವುದಿಲ್ಲವೆಂಬ ಊಹೆಯಿದೆ, ಅಷ್ಟೆ. ಬೂದಿ ಮುಚ್ಚಿದ ಕೆಂಡ. ಅದೂ ಆಘಾತಗೊಂಡ ಎಲ್ಲರಲ್ಲೂ ಅಲ್ಲ, ಕೆಲವರಲ್ಲಿ.

ನೆರೆಯವರಿಂದ ಸಾಲ ತರೋಣವೆಂದರೆ ಮರಾಠಿಯಲ್ಲಿ ಇದು ‘ದಾಹ’, ಔಷಧ ‘ದಾಹಶಾಮಕ’. ಕನ್ನಡದಲ್ಲಿ ಹಾಗೆ ಅಚ್ಚಾದರೆ ಓದುಗರು ಕೋಕಂ ಶರಬತ್ತಿನ ಬಗ್ಗೆ ಲೇಖನ ಬಂದಿದೆ ಅಂದುಕೊಂಡಾರು. ಹಿಂದಿಯ ‘ಶೋಥ’ ಆಯುರ್ವೇದದ ಮಾತು, ಅಲ್ಲಿಯೂ ಬಾವೇ ಮುಖ್ಯ.

ಇನ್ನು ಮನೆಯ ಮಾತು. ನಾನು ಪುತ್ತೂರಿನವಳು, ಅತ್ತೆ ಧಾರವಾಡದವರು, ಮುಲುಂಡಿನ ಒಂದೇ ಅಡುಗೆಮನೆಯಲ್ಲಿ ಎರಡು ಕನ್ನಡ. ಅತ್ತೆಗೆ ಅದು ಬಾವು: ‘ಕಾಲು ಬಾತದ ನೋಡವಾ, ಬಾವು ಇಳಿಯೂ ಗುಳಿಗಿ ಕೊಡು.’ ನನ್ನ ತಾಯಿಗೆ ಅದು ನಂಜು. ಕಾಲಿಗೆ ಮುಳ್ಳು ಹೆಟ್ಟಿದ ದಿನ ಬದನೆಕಾಯಿ ಮುಟ್ಟಲು ಬಿಡುತ್ತಿರಲಿಲ್ಲ, ‘ನಂಜಾಗ್ತದೆ ಮಾರಾಯ್ತಿ’ ಎನ್ನುತ್ತಿದ್ದರು. ಬದನೆಯ ತಪ್ಪೆಷ್ಟೋ ಬೇರೆ ಮಾತು, ಪದ ಮಾತ್ರ ನನ್ನನ್ನು ಬಿಡುತ್ತಿಲ್ಲ. ಯಾಕೆಂದರೆ ಆಘಾತಕ್ಕೆ ಇಂಗ್ಲಿಷಿನವರು ಹೇಳುವ ಟ್ರಾಮಾ ಎಂಬ ಗ್ರೀಕ್ ಮಾತಿಗೆ ಅರ್ಥ ಗಾಯ ಎಂದೇ. ಇಲ್ಲಿನ ಆಸ್ಪತ್ರೆಗಳ ಬೋರ್ಡಿನಲ್ಲಿ ಇವತ್ತಿಗೂ ಟ್ರಾಮಾ ಎಂದರೆ ಮುರಿದ ಮೂಳೆ, ಒಡೆದ ತಲೆ. ಗಾಯವಾಗುತ್ತದೆ, ಗಾಯಕ್ಕೆ ನಂಜೇರುತ್ತದೆ. ವಿಜ್ಞಾನಿಗಳ ಊಹೆಯನ್ನು ನಮ್ಮೂರ ಕನ್ನಡದಲ್ಲಿ ಇಷ್ಟರಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ನಂಜು ವಿಷವೂ ಹೌದು, ಮೇಲಾಗಿ ‘ನಂಜುನಿರೋಧಕ’ವನ್ನು ಪಠ್ಯಪುಸ್ತಕದವರು ಆಂಟಿಸೆಪ್ಟಿಕ್‌ಗೆ ಕೊಟ್ಟುಬಿಟ್ಟಿದ್ದಾರೆ. ಮನಸ್ಸಿನ ಗಾಯಕ್ಕೆ ಡೆಟಾಲ್ ಹಚ್ಚಿದ ಹಾಗಾಗುತ್ತದೆ.

ಹಾಗಾಗಿ ನನಗೆ ಹೊಳೆದದ್ದು ‘ಒಳಗಾವು’. ಒಳ ಮತ್ತು ಕಾವು ಸೇರಿ ಒಳಗಾವು, ಒಳಗುದಿ ಆದ ಹಾಗೆ. ಕಾವು ಎಂದರೆ ಸುಡುವ ಬಿಸಿಯಲ್ಲ. ಕೋಳಿ ಮೊಟ್ಟೆಗೆ ಕೂರುವ ಬಿಸಿ, ಒಲೆ ಆರಿಸಿದ ಮೇಲೂ ಹೆಂಚಿನಲ್ಲಿ ಉಳಿಯುವ ಬಿಸಿ. ಮಂಡಿಗೆ ಉರಿಯೂತವೇ ಇರಲಿ, ಊತವಿಲ್ಲದ ಕಡೆ ಒಳಗಾವು ಎನ್ನೋಣ ಎಂಬುದು ನನ್ನ ಸೂಚನೆ. ಒಂದು ಅಳುಕಿದೆ. ಒಳಗುದಿ, ಬೇಗುದಿ, ಹೊಟ್ಟೆಯುರಿ, ಮನಸ್ತಾಪ, ಹೀಗೆ ನಮ್ಮ ಮನಸ್ಸಿನ ಸಂಕಟವೆಲ್ಲ ಒಲೆಯ ಹತ್ತಿರದ್ದೇ. ಒಳಗಾವು ಎಂದರೆ ಓದುಗರು ಅದನ್ನೂ ಸಂಕಟದ ಇನ್ನೊಂದು ಹೆಸರೆಂದು ಓದಿ, ರಕ್ತಪರೀಕ್ಷೆಯಲ್ಲಿ ಕಾಣುವ ವಸ್ತು ಎಂಬುದನ್ನು ಮರೆತಾರು. ‘ನೋಡಿ, ಕನ್ನಡಕ್ಕೆ ಇದು ಮೊದಲೇ ಗೊತ್ತಿತ್ತು’ ಎಂದು ಯಾರಾದರೂ ಹಿಗ್ಗುವ ಮೊದಲೇ ಹೇಳುತ್ತೇನೆ, ಪದಗಳ ನಂಟಿನಿಂದ ರೋಗದ ಕಾರಣ ಸಾಬೀತಾಗುವುದಿಲ್ಲ.

ಸಾಬೀತಾಗಿರುವುದು ಕಡಿಮೆಯೇ. ಇಲಿಯನ್ನು ಎರಡು ಗಂಟೆ ಅಲುಗದಂತೆ ಹಿಡಿದಿಟ್ಟು, ಇಪ್ಪತ್ತು ನಿಮಿಷ ನೀರಿನಲ್ಲಿ ಈಜಿಸಿ, ಈಥರ್ ಕೊಟ್ಟು ಎಚ್ಚರ ತಪ್ಪಿಸಿ, ವಾರ ಕಾಲ ಬಿಟ್ಟು ನೋಡುವ ಪ್ರಯೋಗವಿದೆ. ಪಾಪದ ಪ್ರಾಣಿ. ಹೀಗೆ ಬೆದರಿದ ಇಲಿಯನ್ನು ಕೂಡಿಸುವ ಚಿಹ್ನೆಯ (+) ಆಕಾರದ ಎತ್ತರದ ಹಲಗೆಯ ಮೇಲೆ ಬಿಟ್ಟರೆ ಗೋಡೆಯಿರುವ ಕಡೆಯೇ ಅಂಟಿಕೊಳ್ಳುತ್ತದೆ. ಐಬುಪ್ರೊಫೆನ್ ಎಂಬ ಆಂಟಿ-ಇನ್‌ಫ್ಲಮೇಟರಿ ನೋವಿನ ಔಷಧ ಕೊಟ್ಟವು ಗೋಡೆಯಿಲ್ಲದ ಕಡೆಗೂ ಹೆಚ್ಚು ಹೊತ್ತು ಹೋದವು. ಮನುಷ್ಯರ ಮಟ್ಟಿಗೆ, ಆತಂಕಕ್ಕಲ್ಲ ಖಿನ್ನತೆಗೆ, 2013ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಸಂಧಿವಾತಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಅನ್ನು, ಬೇರೆ ಔಷಧಗಳಿಗೆ ಬಗ್ಗದ 60 ಜನ ಖಿನ್ನತೆಯವರಲ್ಲಿ ಹುಸಿಮದ್ದಿಗೆ ಹೋಲಿಸಿ ನೋಡಿದರು. ಒಟ್ಟಾರೆ ಏನೂ ವ್ಯತ್ಯಾಸವಿಲ್ಲ. ಸಿಆರ್‌ಪಿ ಲೀಟರಿಗೆ 5 ಮಿಲಿಗ್ರಾಂ ದಾಟಿದ್ದವರಲ್ಲಿ ಮಾತ್ರ ಔಷಧದ ಕಡೆಗೆ ವಾಲಿತು. ಅಂದರೆ ಒಳಗಾವು ಇದ್ದವರಿಗೆ. ಈ ಒಂದು ವಾಕ್ಯ ಬರೆಯಲಿಕ್ಕಾದರೂ ನನಗೆ ಬೇರೆ ಪದ ಬೇಕು.

ಔಷಧದ ಹೆಸರಿನ ಪ್ರಶ್ನೆ ಇನ್ನೂ ತೊಡಕಿನದು. ಅಂಗಡಿಯಲ್ಲಿ ‘ಉರಿಯೂತ ನಿವಾರಕ ಕೊಡಿ’ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ‘ನೋವಿನ ಮಾತ್ರೆ’, ಇಲ್ಲವೆ ಸೀದಾ ಕಾಂಬಿಫ್ಲಾಮ್. ಆ ಹೆಸರಿನ ಬಾಲದಲ್ಲಿರುವ ‘ಫ್ಲಾಮ್’ ಲ್ಯಾಟಿನ್ನಿನ ಜ್ವಾಲೆ, ನಮ್ಮ ಉರಿಯೇ. ತಿಳಿಯುವ ಮಾತು ಬಳಸೋಣವೆಂದು ‘ನೋವಿನ ಮಾತ್ರೆಯಿಂದ ಆತಂಕ ಇಳಿಯಬಹುದು’ ಎಂದು ಬರೆದೆನೆನ್ನಿ, ನಾಳೆಯೇ ನುಂಗುವವರಿದ್ದಾರೆ. ಅವರಲ್ಲಿ ಕೆಲವರು ಆತಂಕಕ್ಕೆ ವೈದ್ಯರು ಬರೆದುಕೊಟ್ಟ ಸರ್ಟ್ರಲಿನ್ ತೆಗೆದುಕೊಳ್ಳುತ್ತಿರುತ್ತಾರೆ. ಎರಡೂ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಹೆಚ್ಚು. ಮೂತ್ರಪಿಂಡದ ಕಥೆ ಬೇರೆ. ಡೈಕ್ಲೋಫೆನಾಕ್ ಎಂಬ ಇಂಥದೇ ನೋವಿನ ಔಷಧ ಕೊಟ್ಟಿದ್ದ ದನಗಳ ಹೆಣ ತಿಂದು ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ನಾಶವಾದ ಮೇಲೆ, ಮಲಬಾರ್ ಹಿಲ್ಲಿನ ಡೂಂಗರ್‌ವಾಡಿಯಲ್ಲಿ ಹೆಣವನ್ನು ರಣಹದ್ದುಗಳಿಗೆ ಒಪ್ಪಿಸುವ ಪಾರ್ಸಿಗಳ ಅಂತ್ಯಕ್ರಿಯೆಯ ಕ್ರಮವೇ ಕಷ್ಟಕ್ಕೆ ಬಿತ್ತು. ದನಗಳಿಗೆ ಅದನ್ನು ಕೊಡುವುದು 2006ರಲ್ಲಿ ನಿಷೇಧವಾಯಿತು. ‘ಬರೀ ನೋವಿನ ಮಾತ್ರೆ’ ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಆದ್ದರಿಂದ ಇಲ್ಲಿ ತುಸು ಅಪರಿಚಿತ ಪದವೇ ಲೇಸು, ‘ಕಾವಿಳಿಕ ಔಷಧ’ ಎನ್ನೋಣವೇ ಎಂದು ಯೋಚಿಸುತ್ತಿದ್ದೇನೆ. ಕಿವಿಗೆ ಕೃತಕ ಅನಿಸಿದರೆ ಮುಲಾಜಿಲ್ಲದೆ ಹೇಳಿ.

‘ಆತಂಕ’ದ ಬಗ್ಗೆ ಚುಟುಕಾಗಿ. ಚರಕ ಸಂಹಿತೆಯ ನಿದಾನಸ್ಥಾನದಲ್ಲಿ ಅದು ವ್ಯಾಧಿ, ಜ್ವರ, ರೋಗ ಇವುಗಳ ಸಾಲಿನ ಪರ್ಯಾಯ ಪದ. ಹಿಂದಿಯಲ್ಲಿ ಭಯೋತ್ಪಾದನೆ. ಕನ್ನಡದಲ್ಲಿ ಮಾತ್ರ ಮಗ ಶಾಲೆಯಿಂದ ಬರುವುದು ತಡವಾದರೂ ಆತಂಕ. ‘ಮುಝೆ ಆತಂಕ್ ಹೋತಾ ಹೈ’ ಎಂದು ಲೋಕಲ್ ಟ್ರೈನಿನಲ್ಲಿ ಹೇಳಬೇಡಿ. ನನ್ನ ಹಟವೇನೂ ಇಲ್ಲ, ಆತಂಕ ಇರಲಿ. ಆದರೆ ಆಘಾತದಿಂದ ಬಂದದ್ದಕ್ಕೆ ಬೇರೆ ಮಾತು ಬೇಕೇನೋ. ಅಮೆರಿಕದ ಮನೋವೈದ್ಯರ ಕೈಪಿಡಿಗೆ 1980ರಲ್ಲಿ ಸೇರಿದ ಪಿಟಿಎಸ್‌ಡಿ ಎಂಬ ಆಘಾತಾನಂತರದ ಕಾಯಿಲೆಯನ್ನು 2013ರಲ್ಲಿ ಅವರೇ ಆತಂಕದ ಅಧ್ಯಾಯದಿಂದ ಎತ್ತಿ ಬೇರೆ ಅಧ್ಯಾಯ ಮಾಡಿದ್ದಾರೆ. ಅದರ ಕನ್ನಡ ಹೆಸರಾದ ‘ಆಘಾತೋತ್ತರ ಒತ್ತಡದ ಅಸ್ವಸ್ಥತೆ’ ಎಂಬುದು ಒಂದೇ ಉಸಿರಿಗೆ ಬಾಯಿಗೆ ಹಿಡಿಸುವುದಿಲ್ಲ.

2005ರ ಜುಲೈ 26, ಸಾಂತಾಕ್ರೂಝಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ, ನಮ್ಮ ಮಹಡಿಯ ಒಬ್ಬರು ಎದೆಮಟ್ಟದ ನೀರಿನಲ್ಲಿ ರಾತ್ರಿಯಿಡೀ ನಡೆದು ಮನೆ ಸೇರಿದ್ದರು. ಈಗಲೂ ಜೋರು ಮಳೆಗೆ ಅವರು ಕಿಟಕಿ ಹಾಕಿ ಕೂತುಬಿಡುತ್ತಾರೆ. ಅತ್ತೆ ಅವರ ಬಗ್ಗೆ ಹೇಳುವುದು ಇಷ್ಟೇ: ‘ಎದಿಯಾಗ ಅಂಜಿಕಿ ಹೊಕ್ಕದ.’ ಈ ಹೊಕ್ಕ ಅಂಜಿಕೆಯನ್ನು ಲೇಖನದ ತಲೆಬರಹಕ್ಕೆ ಎತ್ತಿಕೊಳ್ಳಬಹುದೇ? ಮೈಸೂರು, ಮಂಡ್ಯದ ಕಡೆಯವರಿಗೆ ಅರ್ಥವಾದೀತೇ?

ಒಳಗಾವು ಎಂಬುದನ್ನು ನಾನೇ ಕಟ್ಟಿದೆನೋ, ಎಲ್ಲೋ ಕೇಳಿದ್ದೋ ನನಗೇ ಖಾತ್ರಿಯಿಲ್ಲ. ಬೇಸಾಯದಲ್ಲಿ, ಹಣ್ಣು ಅಡೆ ಹಾಕುವಲ್ಲಿ, ಬಾಣಂತಿ ಆರೈಕೆಯಲ್ಲಿ ಈ ಮಾತು ಅಥವಾ ಇದರ ನೆಂಟ ಕಿವಿಗೆ ಬಿದ್ದವರು ಊರು, ತಾಲ್ಲೂಕು ಸಹಿತ ಬರೆಯಿರಿ. ಪುಟ ಅಚ್ಚಿಗೆ ಹೋಗುವುದು ಬುಧವಾರ.

ಮುಲುಂಡ್, ಮುಂಬೈ