ರೇಷ್ಮೆಹುಳು ಮನೆಯಲ್ಲಿರುವಾಗ ಗೂಡಿನ ದರದ ಚಿಂತೆ ಎಷ್ಟಿರಬೇಕು?

ಪ್ರಶ್ನೆ (ಮಾಗಡಿ ಕಡೆಯ ಹೊಸ ಬೆಳೆಗಾರ):
ಕಳೆದ ಬೆಳೆಯಲ್ಲಿ 150 ಮೊಟ್ಟೆಯ (ಒಂದು ಚಿಟ್ಟೆ ಇಡುವ ಮೊಟ್ಟೆಗಳ ಗುಂಪೇ ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ) ದ್ವಿತಳಿ, ಅಂದರೆ ವರ್ಷಕ್ಕೆ ಎರಡು ಪೀಳಿಗೆ ಕೊಡುವ ತಳಿಯ, ಹುಳು ಸಾಕಿದ್ದೆ. ನಾಲ್ಕನೇ ಜ್ವರದಿಂದ (ಪೊರೆ ಬಿಡುವ ನಿದ್ದೆಯಿಂದ) ಹುಳು ಎದ್ದಾಗಿನಿಂದ ರಾಮನಗರ ಮಾರುಕಟ್ಟೆಯ ದರವನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದೆ. ದರ ಇಳಿದ ದಿನ ಬೇಸರದಿಂದ ಹುಳು ಮೇಯುವ ಹಾಸಿಗೆ ಬಿಡಿಸುವುದನ್ನೂ ರೋಗದ ಹುಳು ಆರಿಸುವುದನ್ನೂ ಮುಂದೂಡಿದೆ. ಹಾಲುತೊಂಡೆ ರೋಗ ಹಬ್ಬಿ ಅರ್ಧದಷ್ಟು ಹುಳು ಹೋದವು. ಕೈಯಲ್ಲಿರುವ ಕೆಲಸವನ್ನಷ್ಟೇ ನೋಡು ಎಂದು ತಂದೆಯವರು ಹೇಳುತ್ತಾರೆ. ಸಾಲ ಮಾಡಿ ಹುಳುಮನೆ ಕಟ್ಟಿಸಿದವನು ಹಣವನ್ನು ಯೋಚಿಸದೆ ಇರುವುದು ಹೇಗೆ?

ಉತ್ತರ (ಕನಕಪುರ ಕಡೆಯ ಹಳೆಯ ಬೆಳೆಗಾರ):
ಯೋಚಿಸಲೇಬೇಕು, ಆದರೆ ಮೊಟ್ಟೆಗೆ ಹೇಳುವ ಮೊದಲು. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪೆಷ್ಟಿದೆ, ಆಳುಗಳು ಸಿಗುತ್ತಾರೆಯೇ, ಒಂದು ಬೆಳೆ ಕೈಕೊಟ್ಟರೂ ವರ್ಷದ ಉಳಿದ ಬೆಳೆಗಳಲ್ಲಿ ಕಂತು ಕಟ್ಟಲು ಸಾಧ್ಯವೇ ಎಂಬುದನ್ನೆಲ್ಲ ಆಗಲೇ ಲೆಕ್ಕ ಹಾಕಿ. ಚಾಕಿ ಹುಳು (ಎಳೆಯ ಹುಳು) ಮನೆಗೆ ಬಂದ ಮೇಲೆ ದರ ನಿಮ್ಮ ಕೈಯಲ್ಲಿಲ್ಲ. ಹುಳು ತನ್ನ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚನ್ನು ನಾಲ್ಕನೇ ಜ್ವರದ ನಂತರದ ಐದನೇ ಹಂತದ ಸುಮಾರು ಏಳು ದಿನಗಳಲ್ಲಿಯೇ ತಿನ್ನುವುದರಿಂದ, ಆಗ ತಪ್ಪಿದ ಒಂದು ಹೊತ್ತಿನ ಮೇವನ್ನು ಆಮೇಲೆ ತುಂಬಿಕೊಡಲಾಗದು. ಹೊಸ ಸೊಪ್ಪು ಹಾಕುವ ಮುನ್ನ ಹಾಸಿಗೆಯನ್ನು ಬಗ್ಗಿ ನೋಡಿ: ಬರೀ ಕಡ್ಡಿ ಉಳಿದಿದ್ದರೆ ಹುಳು ಹಸಿದಿದೆ, ಬಾಡಿದ ಎಲೆ ಉಳಿದಿದ್ದರೆ ಮೇವು ಹೆಚ್ಚಾಗಿದೆ ಅಥವಾ ಹುಳುವಿಗೆ ಹುಷಾರಿಲ್ಲ. ಆ ವಾರ ಅದಕ್ಕಿಂತ ದೊಡ್ಡ ಲೆಕ್ಕ ಬೇರೆ ಇಲ್ಲ.

ಉತ್ತರ (ಚನ್ನಪಟ್ಟಣ ಕಡೆಯ ಬೆಳೆಗಾರ್ತಿ):
ದರ ಏರಿದೆಯೆಂದು ನಾನೊಮ್ಮೆ ಹಣ್ಣುಹುಳುವನ್ನು (ಗೂಡು ಕಟ್ಟಲು ಸಿದ್ಧವಾದ ಹುಳು) ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ತಟ್ಟೆಗೆ, ಬಿಟ್ಟ ನಾಲ್ಕನೇ ದಿನವೇ ಗೂಡು ಬಿಡಿಸಿದೆ. ಒಳಗಿನ ಕೋಶದ (ಗೂಡಿನೊಳಗೆ ರೂಪ ಬದಲಿಸುತ್ತಿರುವ ಹುಳುವಿನ) ಮೈ ಇನ್ನೂ ಗಟ್ಟಿಯಾಗಿರಲಿಲ್ಲ. ಚೀಲದಲ್ಲಿ ಒಡೆದು ಗೂಡುಗಳಿಗೆ ಕಂದು ಕಲೆ ಹತ್ತಿತು. ಅಂದಿನ ಒಳ್ಳೆಯ ದರ ಸಿಕ್ಕಿದ್ದು ಪಕ್ಕದವರ ಗೂಡಿಗೆ.

ಉತ್ತರ (ರಾಮನಗರದ ರೀಲರ್, ಅಂದರೆ ಗೂಡಿನಿಂದ ನೂಲು ತೆಗೆಯುವವರು):
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೂ ಫಲವೆಂದರೆ ದರವೊಂದೇ ಎಂದು ಎಲ್ಲರೂ ಹಿಡಿದುಕೊಂಡಿರುವುದು ನನಗೆ ಸರಿಯೆನಿಸುವುದಿಲ್ಲ. ನಮಗೆ ಬೇಕಾದದ್ದು ದಪ್ಪ ಸಿಪ್ಪೆಯ, ಎಳೆ ತುಂಡಾಗದೆ ಬಿಚ್ಚುವ ಗೂಡು. ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ಶ್ರದ್ಧೆಯಿಂದ ಮಾಡಿದ ಕೆಲಸವೂ ದಾರಿ ತಪ್ಪುತ್ತದೆ. ಚಂದ್ರಿಕೆಯಲ್ಲಿ ಹುಳು ಒತ್ತೊತ್ತಾಗಿ ಬಿಟ್ಟರೆ ಎರಡು ಸೇರಿ ಜೋಡಿಗೂಡು ಕಟ್ಟುತ್ತವೆ, ಅದರ ನೂಲು ನೇರವಾಗಿ ಬಿಚ್ಚದು. ನಮ್ಮ ಘಟಕಕ್ಕೊಮ್ಮೆ ಬಂದು ನಿಮ್ಮದೇ ಗೂಡಿನ ಎಳೆ ಬಿಚ್ಚುವುದನ್ನು ನೋಡಿ.

ಪ್ರಶ್ನೆ ಕೇಳಿದವರು:
ಖಂಡಿತ ಬರುತ್ತೇನೆ. ಸೊಪ್ಪಿನ ಲೆಕ್ಕ ಹಾಕಿದೆ. ಈ ಸಲ 100 ಮೊಟ್ಟೆಗಷ್ಟೇ ಹೇಳಿದ್ದೇನೆ.