ಸಹಾಯ ಬೇಕು: ಚಳಿಗಾಲದ ಹಕ್ಕಿ, ಪ್ರಾಣಿಗಳನ್ನು ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಎಲೆ ಉದುರಿದ ಮರದಲ್ಲಿ ಹಕ್ಕಿಗಳು ಸಲೀಸಾಗಿ ಕಾಣುತ್ತವೆ, ಕಲಿಯಲು ಚಳಿಗಾಲವೇ ವಾಸಿ ಅಂದುಕೊಂಡು ಶುರು ಮಾಡಿದೆ. ಮೊದಲ ವಾರವೇ ಎಡವಿದೆ.

ನೀರಿನ ಅಂಚಿನಲ್ಲಿ ಒಂದು ಹಕ್ಕಿ ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತಾ ಓಡಾಡುತ್ತಿತ್ತು. ಬೆನ್ನು ಬೂದು, ಹೊಟ್ಟೆ ಹಳದಿ. ಸಿಪಿಲೆ ಅನ್ನುವುದು ಖಾತ್ರಿ. ಆದರೆ ಬೂದು ಸಿಪಿಲೆಯೋ, ಹಳದಿ ಸಿಪಿಲೆಯೋ? ಬೂದು ಸಿಪಿಲೆ ಗಂಡಿಗೆ ಗಂಟಲು ಕಪ್ಪು ಅಂತ ಓದಿದ್ದೆ. ಚಳಿಗಾಲದಲ್ಲಿ ಆ ಕಪ್ಪೇ ಇರುವುದಿಲ್ಲವಂತೆ, ಒಳ್ಳೇ ಕತೆ! ಕಾಲಿನ ಬಣ್ಣ ನೋಡಿದರೆ ಸಾಕಾ, ಬಾಲದ ಉದ್ದವನ್ನೂ ನೋಡಬೇಕಾ?

ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಹಾಕಿಕೊಂಡಿದ್ದೇನೆ. ಈಗ ಹಕ್ಕಿಗಳು ಹಾಡುವುದೇ ಕಮ್ಮಿ, ಸುಮ್ನೆ ಒಂದೆರಡು ಸಲ 'ಚಿಕ್' ಅಂದು ಹಾರಿಬಿಡುತ್ತವೆ.

ಇನ್ನೊಂದು ವಿಷಯ. ಬೆಳಿಗ್ಗೆ ಒದ್ದೆ ಮಣ್ಣಿನಲ್ಲಿ ಹೆಜ್ಜೆ ಗುರುತು ಸಿಕ್ಕಿತು. ನಾಯಿಯ ಹೆಜ್ಜೆಯಲ್ಲಿ ಉಗುರು ಮೂಡುತ್ತದೆ, ಬೆಕ್ಕಿನದರಲ್ಲಿ ಸಾಮಾನ್ಯವಾಗಿ ಮೂಡುವುದಿಲ್ಲ, ಅಷ್ಟು ಗೊತ್ತು. ಎರಡಕ್ಕೂ ಮೂಡುವುದು 4 ಬೆರಳು. ಇದರಲ್ಲಿ 5 ಇವೆ, ಉಗುರೂ ಇದೆ. ಮುಂಗುಸಿ ಇರಬಹುದಾ? ಅಳತೆಗೆ ಪಕ್ಕದಲ್ಲಿ ಪೆನ್ನಿಟ್ಟು ಫೋಟೊ ತೆಗೆದಿದ್ದೇನೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.