ಕ್ಯಾಂಪ್‌ಗೆ ಯಾವ ಫ್ರಿಜ್ ಅಂತ ಕೇಳಿದ್ದಕ್ಕೆ

ಪುಟ್ಟ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಕಾಫಿ ಕುಯ್ಲು ಶುರುವಾಗಿದೆಯಲ್ಲ, ಕೆಲಸದವರು ಹೋದ ಮೇಲೆ ಈಗ ಕೂತೆ. ಡಿಸೆಂಬರ್ ಕೊನೆಗೆ ಕೊಡಗಿನ ಕಕ್ಕಬ್ಬೆ ಹತ್ತಿರ ತೋಟದಲ್ಲಿ ಟೆಂಟ್, ಆರು ಜನ, ಮೂರು ರಾತ್ರಿ, ಕರೆಂಟ್ ಇಲ್ಲ. 6 ಸಾವಿರದ ಕಾರ್ ಫ್ರಿಜ್ಜಾ, 30 ಸಾವಿರದ್ದಾ ಅಂತ ಕೇಳಿದ್ದೀಯ.

6 ಸಾವಿರದ್ದು ಬೇಡ ಮಾರಾಯ. ಮನೆ ಫ್ರಿಜ್ಜನ್ನು ತಣ್ಣಗಿಡುವ ಮೋಟಾರ್, ಅಂದರೆ ಕಂಪ್ರೆಸರ್, ಅದರಲ್ಲಿ ಇರುವುದಿಲ್ಲ. ಪೆಲ್ಟಿಯರ್ ಅಂತ, ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗಾಗುವ ಬಿಸ್ಕತ್ತಿನಷ್ಟು ದೊಡ್ಡ ಬಿಲ್ಲೆ, ಜೊತೆಗೆ ಫ್ಯಾನ್, ಅಷ್ಟೇ. ಹೊರಗಿನ ಬಿಸಿಗಿಂತ 15–20 ಡಿಗ್ರಿ ಕೆಳಗೆ ಇಳಿಸುತ್ತದೆ, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಹೋದ ಏಪ್ರಿಲ್‌ನಲ್ಲಿ ಅಂಥದ್ದನ್ನೇ ತಗೊಂಡು ಹೋಗಿದ್ದೆ. ಕುಶಾಲನಗರದಲ್ಲಿ ಮಧ್ಯಾಹ್ನ ಕಾರು ಬಿಸಿಲಲ್ಲಿ ನಿಂತಿತ್ತು. ಸಂಜೆ ಮುಚ್ಚಳ ತೆಗೆದರೆ ಹಾಲಿನ ಪ್ಯಾಕೆಟ್ ಉಬ್ಬಿ ಬಿಗಿಯಾಗಿತ್ತು. ಎರಡು ಕೆಜಿ ಹಂದಿ ಮಾಂಸ ಗುಂಡಿ ತೋಡಿ ಮುಚ್ಚಿದೆವು. ಅಷ್ಟೇ ಅಲ್ಲ, ಬ್ಯಾಟರಿಯಿಂದ ನೇರ ವೈರ್ ಎಳೆದಿದ್ದೆ, ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಆ ಪೆಟ್ಟಿಗೆ ಬಿಡುವಿಲ್ಲದೆ ಸುಮಾರು 4 ಆಂಪ್ ಎಳೆಯುತ್ತದೆ. ಹತ್ತು ಗಂಟೆ ಓಡಿದರೆ 40 ಆಂಪ್ ಅವರ್ (ಬ್ಯಾಟರಿಯಲ್ಲಿ ಎಷ್ಟು ಹಿಡಿಯುತ್ತದೆ ಅನ್ನುವುದರ ಅಳತೆ ಇದು) ಆಯ್ತು. ಚಿಕ್ಕ ಕಾರಿನ ಬ್ಯಾಟರಿಯೇ 35–45 ಇರುತ್ತದೆ, ಇನ್ನೇನು ಉಳಿಯುತ್ತದೆ ಹೇಳು?

ಕಂಪ್ರೆಸರ್ ಇರುವುದು ಹಾಗಲ್ಲ. 12 ವೋಲ್ಟ್‌ನಲ್ಲಿ ಓಡುವಾಗ 45–60 ವಾಟ್ ತಗೊಳ್ಳುತ್ತದೆ, ಆದರೆ ತಣ್ಣಗಾದ ಮೇಲೆ ನಿಂತುಬಿಡುತ್ತದೆ. ಡಿಸೆಂಬರ್ ರಾತ್ರಿ ಅಲ್ಲಿ ಎಂಥ ಚಳಿ, ನಿನಗೇ ಗೊತ್ತು. ಮೋಟಾರ್ ಅಪರೂಪಕ್ಕೆ ತಿರುಗುತ್ತದೆ. 40 ಲೀಟರಿನದ್ದಕ್ಕೆ ದಿನಕ್ಕೆ 30–40 ಆಂಪ್ ಅವರ್ ಲೆಕ್ಕ ಹಿಡಿ. 100 ಆಂಪ್ ಅವರ್ ಲಿಥಿಯಂ ಬ್ಯಾಟರಿ ಇದ್ದರೆ ಎರಡೂವರೆ ದಿನ ಬರುತ್ತದೆ. ಇನ್ವರ್ಟರಿನ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು, ಬೇಗ ಹಾಳಾಗುತ್ತದೆ.

ಸೋಲಾರ್ ಇಟ್ಟರೆ ಆಯ್ತಲ್ವಾ ಅಂತ ಬರೆದಿದ್ದೀಯ. ಆಯ್ತು, ಆದರೆ ಸಿಲ್ವರ್ ಓಕ್ ಮರದ ಕೆಳಗೆ ಇಡಬೇಡ. ಪ್ಯಾನೆಲ್‌ನ ಒಂದು ಮೂಲೆಗೆ ನೆರಳು ಬಿದ್ದರೂ ಕರೆಂಟ್ ತುಂಬಾ ಇಳಿದುಹೋಗುತ್ತದೆ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಇಟ್ಟು, ದಪ್ಪ ವೈರ್ ಎಳೆದುಕೋ. ತೆಳು ವೈರ್‌ನಲ್ಲಿ ವೋಲ್ಟೇಜ್ ದಾರಿಯಲ್ಲೇ ಕರಗುತ್ತದೆ, ಫ್ರಿಜ್ ಬ್ಯಾಟರಿ ಖಾಲಿ ಅಂದುಕೊಂಡು ಆಫ್ ಆಗುತ್ತದೆ.

ಇನ್ನೊಂದು ವಿಷಯ, ಇದೇ ನನಗೆ ಮುಖ್ಯ. ಅಣ್ಣನೂ ಬರುತ್ತಾನಂತಲ್ಲ, ಅವನ ಇನ್ಸುಲಿನ್ ತರಬೇಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಹೆಪ್ಪುಗಟ್ಟಿದರೆ ಮತ್ತೆ ಕರಗಿಸಿದರೂ ಉಪಯೋಗಕ್ಕೆ ಬರುವುದಿಲ್ಲ, ಎಸೆಯಬೇಕು. ನೀವು ಹುಡುಗರು ಐಸ್ ಕ್ರೀಮಿಗಾಗಿ ಮೈನಸ್‌ಗೆ ತಿರುಗಿಸಬೇಡಿ. 4 ಡಿಗ್ರಿಗೆ ಇಟ್ಟು, ಔಷಧಿಯನ್ನು ಟಿಫಿನ್ ಡಬ್ಬಿಯಲ್ಲಿ ಟವೆಲ್ ಸುತ್ತಿ ಮಧ್ಯದಲ್ಲಿಡು. ಗೋಡೆಗೆ ತಾಗಬಾರದು, ತಣ್ಣಗಿನ ಕೊಳವೆ ಓಡುವುದು ಅಲ್ಲೇ.

ಇದೊಂದೇ ಸಲಕ್ಕೆ ಆದರೆ ಏನೂ ಕೊಳ್ಳಬೇಡ, ಒಳ್ಳೆ ಐಸ್ ಬಾಕ್ಸ್ ಸಾಕು. ಪುಡಿ ಐಸ್ ಬೇಡ, ಎರಡು ಲೀಟರ್ ಬಾಟಲಿಗಳಲ್ಲಿ ನೀರು ಗಟ್ಟಿ ಮಾಡಿಕೋ, ನಿಧಾನ ಕರಗುತ್ತದೆ. ಇನ್ಸುಲಿನ್ ಮಾತ್ರ ಐಸಿಗೆ ತಾಗದ ಹಾಗೆ ನೋಡಿಕೋ. ಆದರೆ ನಮ್ಮಲ್ಲಿ ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಬರುವುದಕ್ಕೆ ದಿನಗಳಾಗುತ್ತವೆ. ಆಗ ಮನೆಯ ಹಾಲು, ಅಣ್ಣನ ಔಷಧಿ ಎಲ್ಲಾ ಕಂಪ್ರೆಸರ್ ಫ್ರಿಜ್ಜಿನಲ್ಲೇ ಇಡಬಹುದು. ಅದಕ್ಕೇ ನಾನು ಕಂಪ್ರೆಸರಿನದ್ದೇ ತಗೋ ಅನ್ನುವುದು. 30 ಸಾವಿರದ್ದು ಅಂದೆಯಲ್ಲ, ಅದರಲ್ಲಿ ಕಂಪ್ರೆಸರ್ ಇದೆಯಾ, ಬ್ಯಾಟರಿ ಇಳಿದಾಗ ತಾನೇ ನಿಲ್ಲುವ ಸೆಟ್ಟಿಂಗ್ ಇದೆಯಾ, ಕೇಳಿ ನೋಡು.

ಹೋಗುವ ಹಿಂದಿನ ರಾತ್ರಿ ಫ್ರಿಜ್ಜನ್ನು ಮನೆ ಕರೆಂಟಿನಲ್ಲೇ ಹಾಕಿ ತಣ್ಣಗೆ ಮಾಡಿಕೋ. ಮಾಂಸ ಮನೆಯಲ್ಲೇ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಬೇಯಿಸಿ ತನ್ನಿ, ಹಸಿ ಬೇಡ. ನನ್ನ ಲಿಥಿಯಂ ಬ್ಯಾಟರಿ ಶೆಡ್‌ನಲ್ಲಿದೆ. ಚಾರ್ಜ್ ಮಾಡಿಟ್ಟಿರುತ್ತೇನೆ, ಭಾನುವಾರ ಬಂದು ತಗೊಂಡು ಹೋಗು.